ಓದುಗರ ಪ್ರಶ್ನೆ: ಕೊರಿಯಾದ ನೃತ್ಯ ಮತ್ತು ಅದನ್ನು ಕಟ್ಟಿದವರು

ಪ್ರಶ್ನೆ: ಕೊರಿಯಾದ ಯಾವ ಸಾಂಸ್ಕೃತಿಕ ಕಾರ್ಯಕ್ರಮ ನೋಡಿದರೂ ಬೀಸಣಿಗೆ ಹಿಡಿದ ಹೆಣ್ಣುಮಕ್ಕಳು ಹೂವಾಗಿ ಅರಳುವ ನೃತ್ಯ ಇದ್ದೇ ಇರುತ್ತದೆ. ಇದು ಎಷ್ಟು ಶತಮಾನ ಹಳೆಯದು?

ಉತ್ತರ: ಒಂದು ಶತಮಾನವೂ ಆಗಿಲ್ಲ. ಬುಚೆಚುಮ್ ಎಂಬ ಈ ನೃತ್ಯವನ್ನು ಕಿಮ್ ಬೇಕ್‌ಬೊಂಗ್ (1927–2023) ಸಂಯೋಜಿಸಿ 1954ರಲ್ಲಿ ರಂಗಕ್ಕೆ ತಂದರು, ಅದೂ ಒಬ್ಬರೇ ಮಾಡುವ ನೃತ್ಯವಾಗಿ. ಗುಂಪು ನೃತ್ಯವಾಗಿ ಅದು ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು 1968ರ ಮೆಕ್ಸಿಕೊ ಒಲಿಂಪಿಕ್ಸ್ ಸಂದರ್ಭದಲ್ಲಿ. ಬೀಸಣಿಗೆ ಮಾತ್ರ ಹಳೆಯದು. ದೈವ ಮೈಮೇಲೆ ಬರುವ ಮುದಾಂಗ್‌ಗಳು, ಹಾಡುತ್ತಾ ಕಥೆ ಹೇಳುವ ಪಾನ್ಸೊರಿ ಹಾಡುಗಾರರು, ಹಗ್ಗದ ಮೇಲೆ ನಡೆಯುವವರು ಎಲ್ಲರ ಕೈಯಲ್ಲೂ ಅದು ಇತ್ತು. ಹಳೆಯ ಸಾಮಗ್ರಿಯಿಂದ ಹೊಸ ರಚನೆ ಕಟ್ಟಿದ್ದು ಕಿಮ್ ಅವರ ಕೆಲಸ. ಹಾಗಂತ ಇದನ್ನು 'ನಕಲಿ ಸಂಪ್ರದಾಯ' ಎಂದು ತಳ್ಳಿಹಾಕುವುದು ತಪ್ಪು. ಮುಂದಿನ ಉತ್ತರಗಳಲ್ಲಿ ಕಾರಣ ಸಿಗುತ್ತದೆ.

ಗುಂಪಿನಲ್ಲಿ ಹೆಚ್ಚಾಗಿ ಕೆಡುವುದು ಬೀಸಣಿಗೆಗಳ ಅಲೆ. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಮಾತ್ರೆ ಎಣಿಸಿಕೊಂಡು ಕೈ ಎತ್ತಿದರೆ ಅಲೆ ತುಂಡು ತುಂಡಾಗುತ್ತದೆ. ಪಕ್ಕದವರ ಬೀಸಣಿಗೆಯ ಅಂಚು ಏಳುವುದನ್ನು ಕಣ್ಣಂಚಿನಲ್ಲೇ ಹಿಡಿದು, ಅವರ ಉಸಿರಿನ ಹಿಂದೆಯೇ ತಾವೂ ಉಸಿರೆಳೆದು ಏಳಬೇಕು. ಮೊಣಕೈ ಜೋತುಬಿದ್ದರೂ ಸಾಲಿನಲ್ಲಿ ಗುಂಡಿ ಬಿದ್ದಂತೆ ಕಾಣುತ್ತದೆ.

ಪ್ರಶ್ನೆ: ಇಪ್ಪತ್ತನೇ ಶತಮಾನಕ್ಕೆ ಮೊದಲು ಹೆಸರು ಗೊತ್ತಿರುವ ನೃತ್ಯ ಸಂಯೋಜಕರು ಯಾರೂ ಇಲ್ಲವೇ?

ಉತ್ತರ: ಇದ್ದಾರೆ. ಜೊಸೊನ್ ವಂಶದ ಯುವರಾಜ ಹ್ಯೋಮ್ಯೊಂಗ್ (1809–1830) ಇಪ್ಪತ್ತೊಂದು ತುಂಬುವ ಮೊದಲೇ ತೀರಿಕೊಂಡರೂ ಅರಮನೆಯ ನೃತ್ಯಗಳಿಗೆ ಅವನಷ್ಟು ಕೊಟ್ಟವರು ವಿರಳ. 1828ರಲ್ಲಿ ತಾಯಿಯ ನಲವತ್ತನೇ ಹುಟ್ಟುಹಬ್ಬಕ್ಕೆಂದು ಅವನು ರಚಿಸಿದ ಚುನೆಂಗ್‌ಜೊನ್ ಇಂದಿಗೂ ಇದೆ. ಹಳದಿ ಉಡುಪಿನ ಒಬ್ಬರೇ ನರ್ತಕಿ, ಹೂವಿನ ಚಿತ್ತಾರದ ಒಂದೇ ಚಾಪೆ. ಆ ಚಾಪೆಯಿಂದ ಕಾಲು ಹೊರಗೆ ಬೀಳಬಾರದು. ಜಾಗ ಇಷ್ಟು ಕಿರಿದಾದ್ದರಿಂದ ಹೆಜ್ಜೆ ಒಂದಂಗುಲ ಹೆಚ್ಚುಕಡಿಮೆಯಾದರೂ ಎದ್ದು ಕಾಣುತ್ತದೆ.

ಪ್ರಶ್ನೆ: ಸುಂಗ್‌ಮು ಎಂದರೆ ಭಿಕ್ಷುವಿನ ನೃತ್ಯವಂತೆ. ಇದು ಬೌದ್ಧ ಗುಡಿಗಳ ಆಚರಣೆಯೇ?

ಉತ್ತರ: ಗುಡಿಗಳಲ್ಲಿ ಭಿಕ್ಷುಗಳು ಮಾಡುವ ನೃತ್ಯ ಬೇರೆ, ಅದನ್ನು ಜಾಕ್‌ಬೊಪ್ ಎನ್ನುತ್ತಾರೆ. ಸುಂಗ್‌ಮು ರಂಗದ ನೃತ್ಯ. ಅದಕ್ಕೆ ಈಗಿನ ರೂಪ ಬಂದದ್ದು 1930ರ ದಶಕದಲ್ಲಿ, ಮುಖ್ಯವಾಗಿ ಹಾನ್ ಸೊಂಗ್‌ಜುನ್ ಅವರಿಂದ. ಚುಂಗ್‌ಚೊಂಗ್ ಪ್ರಾಂತ್ಯದ ಹೊಂಗ್‌ಸೊಂಗ್‌ನಲ್ಲಿ ಹುಟ್ಟಿದ ಅವರು ಮೂಲತಃ ಪಾನ್ಸೊರಿ ಹಾಡಿಗೆ ಡೋಲು ನುಡಿಸುತ್ತಿದ್ದವರು. ಅಂಗಳದಲ್ಲಿ, ಜಾತ್ರೆಯಲ್ಲಿ, ಗಿಸೆಂಗ್ ಎಂಬ ವೃತ್ತಿ ಕಲಾವಿದೆಯರ ಕೂಟಗಳಲ್ಲಿ ಚದುರಿಹೋಗಿದ್ದ ಕುಣಿತಗಳನ್ನು ಒಟ್ಟುಮಾಡಿ, ಪ್ರೇಕ್ಷಕರು ಒಂದೇ ಕಡೆ ಕುಳಿತು ನೋಡುವ ರಂಗಕ್ಕೆ ಹೊಂದಿಸಿದರು. ಸುಂಗ್‌ಮು, ಉದ್ದನೆಯ ಬಿಳಿ ವಸ್ತ್ರ ಹಿಡಿದು ಮಾಡುವ ಸಾಲ್‌ಪುರಿ, ಪಾದಗಳ ಕೆಲಸ ಎದ್ದು ಕಾಣುವ ತೇಪ್ಯೊಂಗ್‌ಮು ಈ ಮೂರೂ ನೃತ್ಯಗಳ ಮೇಲೆ ಅವರ ಕೈಗುರುತಿದೆ. ಜಪಾನಿನ ಆಳ್ವಿಕೆಯಲ್ಲಿ, ಅರಮನೆಯ ಆಶ್ರಯ ಕಳಚಿಬಿದ್ದ ಕಾಲದಲ್ಲಿ ಅವರು ಈ ಕೆಲಸ ಮಾಡಿದ್ದರಿಂದಲೇ ಇವು ಉಳಿದವು ಎನ್ನುವುದು ನಮ್ಮ ದೃಢ ಅಭಿಪ್ರಾಯ.

ನೃತ್ಯದ ಒಳಗೆ ಹೋಗೋಣ. ನರ್ತಕಿ ನೆಲಕ್ಕೆ ಬಾಗಿದ ಭಂಗಿಯಲ್ಲಿ ಆರಂಭಿಸುತ್ತಾಳೆ. ತಲೆಯ ಮೇಲೆ ಮೊನಚಾದ ಬಿಳಿ ಟೊಪ್ಪಿ, ಹೆಗಲಿನಿಂದ ಅಡ್ಡಲಾಗಿ ಕೆಂಪು ಪಟ್ಟಿ, ಕೈಗಿಂತ ಬಹಳ ಉದ್ದದ ತೋಳುಗಳ ನಿಲುವಂಗಿ. ಟೊಪ್ಪಿಯ ನೆರಳಿನಲ್ಲಿ ಮುಖ ಮುಕ್ಕಾಲು ಮರೆ, ಹಾಗಾಗಿ ಮುಖಭಾವದಿಂದ ಏನನ್ನೂ ಹೇಳುವಂತಿಲ್ಲ. ಆ ಉದ್ದನೆಯ ತೋಳುಗಳ ಒಳಗೆ ಎರಡು ಡೋಲಿನ ಕೋಲುಗಳು ಅಡಗಿರುತ್ತವೆ. ಬಟ್ಟೆ ಗಾಳಿಯಲ್ಲಿ ಅಷ್ಟೆತ್ತರ ಚಿಮ್ಮುವುದಕ್ಕೆ ಈ ಕೋಲುಗಳೇ ಆಧಾರ. ಆದರೆ ಚಿಮ್ಮಿಸುವ ಬಲ ಮಣಿಕಟ್ಟಿನಿಂದ ಬರಬಾರದು. ಮಂಡಿ ತಗ್ಗಿ, ಉಸಿರು ಕೆಳಗಿಳಿದು, ಮತ್ತೆ ಏರುವ ಉಸಿರಿನ ಜತೆ ಬೆನ್ನು, ಹೆಗಲು, ಮೊಣಕೈ ಹಾದು ತೋಳಿನ ತುದಿಗೆ ತಲುಪಬೇಕು. ಬರೀ ಮಣಿಕಟ್ಟು ಜಾಡಿಸಿದರೆ ಬಟ್ಟೆ ಕೋಲಿಗೇ ಸುತ್ತಿಕೊಳ್ಳುತ್ತದೆ. ಬಿಡಿಸಲು ಹೋದರೆ ತಾಳ ತಪ್ಪುತ್ತದೆ. ಕಲಿಯುವವರು ಸೋಲುವುದು ಹೆಚ್ಚಾಗಿ ಇಲ್ಲೇ.

ತಾಳ ನಿಧಾನವಾದ ಯೊಮ್‌ಬುಲ್‌ನಿಂದ ಹೊರಟು ಥಾರ್ಯೊಂಗ್, ಕುತ್‌ಗೊರಿ ದಾಟುತ್ತದೆ. ಕೊನೆಯ ಭಾಗದಲ್ಲಿ ಕೋಲುಗಳು ಹೊರಬಂದು, ಅಷ್ಟು ಹೊತ್ತೂ ಮೌನವಾಗಿ ನಿಂತಿದ್ದ ದೊಡ್ಡ ಡೋಲು ಮೊದಲ ಸಲ ನುಡಿಯುತ್ತದೆ. ಮೊದಲರ್ಧ ತಡೆದುಕೊಂಡಷ್ಟೂ ಈ ಭಾಗಕ್ಕೆ ಕಾವು ಬರುತ್ತದೆ. ಹೊಸಬರು ಡೋಲಿನ ಭಾಗವನ್ನು ಮಾತ್ರ ಚುರುಕಾಗಿ ಕಲಿತು, ಯೊಮ್‌ಬುಲ್ ಅನ್ನು ಬೇಗ ಮುಗಿಸಿಬಿಡುತ್ತಾರೆ. ಆಗ ಉಳಿಯುವುದು ಡೋಲು ವಾದನ ಮಾತ್ರ.

ಪ್ರಶ್ನೆ: ನಾನು ಭರತನಾಟ್ಯದ ವಿದ್ಯಾರ್ಥಿನಿ. ವಿಡಿಯೊ ನೋಡಿ ಕೊರಿಯಾದ ಹೆಜ್ಜೆ ಹಾಕಿದರೆ ಕುಣಿದಂತೆ ಆಗುತ್ತದೆಯೇ ಹೊರತು ತೇಲಿದಂತೆ ಆಗುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬಹುಶಃ ಮಂಡಿಯಲ್ಲಿ. ಅರಮಂಡಿಯಲ್ಲಿ ಮಂಡಿ ಬಾಗಿಸಿ ಎತ್ತರವನ್ನು ಕಾಯ್ದುಕೊಳ್ಳುವುದು ನಿಮಗೆ ರೂಢಿ. ಇಲ್ಲಿ ಎತ್ತರ ಒಂದೇ ಸಮ ನಿಲ್ಲಬಾರದು. ಉಸಿರಿನ ಜತೆ ಮೈ ಇಳಿದು ಏರುತ್ತಲೇ ಇರಬೇಕು. ಪಾದವನ್ನೂ ನೆಲಕ್ಕೆ ತಟ್ಟುವುದಿಲ್ಲ. ಮೊದಲು ಹಿಮ್ಮಡಿ ಊರಿ, ಆಮೇಲೆ ಅಂಗಾಲು, ಕೊನೆಗೆ ಬೆರಳು.

ಕುತ್‌ಗೊರಿ ತಾಳದಿಂದ ಶುರುಮಾಡಿ. ಅದರಲ್ಲಿ ಹನ್ನೆರಡು ಸಣ್ಣ ಮಾತ್ರೆಗಳು, ಮೂರರಂತೆ ನಾಲ್ಕು ಗುಂಪು. ಗುಂಪಿನ ಮೊದಲ ಮಾತ್ರೆಗೆ ಉಸಿರು ಬಿಡುತ್ತಾ ಹಿಮ್ಮಡಿ ಊರಿ ಮಂಡಿ ಸಡಿಲಿಸಿ. ಎರಡು ಮತ್ತು ಮೂರಕ್ಕೆ ಉಸಿರೆಳೆಯುತ್ತಾ ಏಳಿ. ಕೈ ಆಡಿಸದೆ, ಸುಮ್ಮನೆ ಕೋಣೆಯ ಉದ್ದಕ್ಕೆ ನಡೆಯಿರಿ. 'ಒಂದು, ಎರಡು, ಮೂರು, ನಾಲ್ಕು' ಎಂದು ದೊಡ್ಡ ಮಾತ್ರೆಗಳನ್ನಷ್ಟೇ ಎಣಿಸಿದರೆ ನಡಿಗೆ ಕವಾಯತಿನಂತಾಗುತ್ತದೆ. ಒಳಗಿನ ಮೂರನ್ನೂ ಎಣಿಸಿ. ಉಸಿರೆಳೆದಾಗ ಹೆಗಲು ಮೇಲೇರುತ್ತಿದ್ದರೆ ಉಸಿರು ಎದೆಯಲ್ಲೇ ನಿಲ್ಲುತ್ತಿದೆ ಎಂದರ್ಥ. ಕಿಬ್ಬೊಟ್ಟೆಯ ತನಕ ಇಳಿಸಿ. ಕಾಲಿನ ಕೆಲಸವೇ ನಿಮ್ಮ ಆಸಕ್ತಿಯಾಗಿದ್ದರೆ ಕಾಂಗ್ ಸೊನ್‌ಯೊಂಗ್ (1925–2016) ಪರಂಪರೆಯ ತೇಪ್ಯೊಂಗ್‌ಮು ನೋಡಿ. ಲಂಗವನ್ನು ಮೆಲ್ಲನೆ ಎತ್ತಿಹಿಡಿದು, ಬೊಸೊನ್ ಎಂಬ ಬಿಳಿ ಕಾಲುಚೀಲ ತೊಟ್ಟ ಪಾದಗಳನ್ನು ಬೇಕೆಂದೇ ತೋರಿಸುವ ನೃತ್ಯ ಅದು.

ಪ್ರಶ್ನೆ: ಕೊರಿಯಾದ ನರ್ತಕಿ ಚ್ವೆ ಸುಂಗ್‌ಹಿ ಬಹಳ ದೊಡ್ಡ ಕಲಾವಿದೆ ಎನ್ನುತ್ತಾರೆ. ಹಾಗಿದ್ದರೆ ಅವರ ಹೆಸರು ಬಹುಕಾಲ ಕೇಳಿಬರಲಿಲ್ಲ ಏಕೆ?

ಉತ್ತರ: ರಾಜಕೀಯದಿಂದ. 1911ರಲ್ಲಿ ಹುಟ್ಟಿದ ಅವರು ಜಪಾನಿನಲ್ಲಿ ಇಶಿಯಿ ಬಾಕು ಬಳಿ ಆಧುನಿಕ ನೃತ್ಯ ಕಲಿತರು, ಹಾನ್ ಸೊಂಗ್‌ಜುನ್ ಬಳಿ ಕೊರಿಯಾದ ನೃತ್ಯ ಕಲಿತರು. 1930ರ ದಶಕದ ಕೊನೆಗೆ ಅಮೆರಿಕ, ಯುರೋಪ್ ಸುತ್ತಿಬಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನ್ ಸೈನಿಕರಿಗಾಗಿ ಪ್ರದರ್ಶನ ಕೊಟ್ಟದ್ದು ಇಂದಿಗೂ ವಿವಾದ. 1946ರಲ್ಲಿ ಕೊರಿಯಾದ ಉತ್ತರ ಭಾಗಕ್ಕೆ ಹೋದ ಮೇಲೆ ದಕ್ಷಿಣದಲ್ಲಿ ಅವರ ಹೆಸರೆತ್ತುವುದೇ ಕಷ್ಟವಾಯಿತು. 1960ರ ದಶಕದ ಕೊನೆಗೆ ಉತ್ತರದಲ್ಲೂ ಅವರು ಮರೆಯಾದರು. 1969ರಲ್ಲಿ ತೀರಿಕೊಂಡರೆಂದು ಅಲ್ಲಿನ ಸರ್ಕಾರ ತಿಳಿಸಿದ್ದು 2003ರಲ್ಲಿ. ಆದರೆ ಎರಡೂ ಕಡೆ ಹೆಸರು ಅಳಿಸಿದರೂ ನೃತ್ಯ ಅಳಿಯಲಿಲ್ಲ: ಬೀಸಣಿಗೆ ನೃತ್ಯದ ಕಿಮ್ ಬೇಕ್‌ಬೊಂಗ್ ಇವರದೇ ಶಿಷ್ಯೆ, ಇವರ ಮೈದುನನ ಹೆಂಡತಿ ಕೂಡ. ಕೊರಿಯಾ ಯುದ್ಧದ ದಿನಗಳಲ್ಲಿ ಕಿಮ್ ದಕ್ಷಿಣಕ್ಕೆ ಬಂದರು. 1950ರ ದಶಕದ ಆರಂಭದಲ್ಲಿ ಬೀಜಿಂಗ್‌ನಲ್ಲಿ ಚ್ವೆ ನಡೆಸಿದ ತರಗತಿಗಳಿಂದ ಚೀನಾದ ನೃತ್ಯ ಶಿಕ್ಷಣಕ್ಕೂ ದೊಡ್ಡ ಲಾಭವಾಯಿತು.

ಪ್ರಶ್ನೆ: ಒಂದೇ ಸಾಲ್‌ಪುರಿಯನ್ನು ಇಬ್ಬರು ಬೇರೆ ಬೇರೆ ರೀತಿ ಮಾಡುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಮೊದಲು ಯಾರ ಪರಂಪರೆ ಎಂದು ಕೇಳಬೇಕು. 1990ರಲ್ಲಿ ಸಾಲ್‌ಪುರಿಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸರ್ಕಾರವೇ ಇಬ್ಬರನ್ನು ಗುರುತಿಸಿತು: ಮೊಕ್ಪೊದ ಲೀ ಮೇಬಾಂಗ್ (1927–2015) ಮತ್ತು ಕಿಮ್ ಸುಕ್‌ಜಾ (1927–1991). ಕಿಮ್ ಅವರದು ಗ್ಯೊಂಗಿ ಪ್ರಾಂತ್ಯದ ದೈವಾರಾಧನೆಗೆ ಹತ್ತಿರದ ದಾರಿ. ಬಿಳಿ ವಸ್ತ್ರ ಹೆಚ್ಚು ಉದ್ದ. ಹಾನ್ ಸೊಂಗ್‌ಜುನ್‌ರ ಮೊಮ್ಮಗಳು ಹಾನ್ ಯೊಂಗ್‌ಸುಕ್ (1920–1989) 1988ರ ಸೋಲ್ ಒಲಿಂಪಿಕ್ಸ್ ಸಮಾರೋಪದಲ್ಲಿ ಮಾಡಿದ್ದು ಮೂರನೆಯ ರೀತಿ, ತೀರ ಸಂಯಮದ್ದು.

ಕಾನೂನಿನ ಮಾತೂ ಇದೆ. 1962ರ ಕಾಯ್ದೆಯ ವ್ಯವಸ್ಥೆಯಲ್ಲಿ 'ಮೂಲರೂಪ'ವನ್ನು ಹಾಗೇ ಉಳಿಸಬೇಕೆಂಬ ತತ್ವ ಬೇರೂರಿತ್ತು. ಗುರುವಿನ ಒಂದು ವಯಸ್ಸಿನ ನೃತ್ಯವೇ ಅಳತೆಗೋಲಾಗಿ, ಶಿಷ್ಯರು ಬೆರಳು ಕದಲಿಸಲೂ ಹೆದರುವಂತಾಯಿತು. 2016ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಅದರ ಬದಲು ಆ ಕಲೆಯ ಜೀವಾಳವಾದ ಲಕ್ಷಣಗಳನ್ನು ಕಾಯ್ದರೆ ಸಾಕೆನ್ನುತ್ತದೆ. ನಮಗೆ ಇದು ಒಳ್ಳೆಯದೆನಿಸುತ್ತದೆ, ಏಕೆಂದರೆ ಹಾನ್ ಸೊಂಗ್‌ಜುನ್ ಮಾಡಿದ್ದೂ ಇದನ್ನೇ. ಆದ್ದರಿಂದ ಮುಂದಿನ ಸಲ ಸಾಲ್‌ಪುರಿ ನೋಡುವಾಗ ಭಂಗಿಗಳನ್ನು ತಾಳೆ ನೋಡಬೇಡಿ. ವಸ್ತ್ರವನ್ನು ನೆಲಕ್ಕೆ ಬಿಟ್ಟು, ಮತ್ತೆ ಮಂಡಿಯೂರಿ ಎತ್ತಿಕೊಳ್ಳುವ ಜಾಗದಲ್ಲಿ ಉಸಿರು ಕಡಿದುಹೋಯಿತೇ, ಮುಂದುವರಿಯಿತೇ ಎಂದು ನೋಡಿ. ಕಡಿದಿದ್ದರೆ, ಯಾವ ಪರಂಪರೆಯದಾದರೂ ಅದು ತಪ್ಪು.