ಲಿನಕ್ಸ್‌ನಲ್ಲಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿದ ಫೈಲ್ ಬೇರೆ ಕಡೆ ಖಾಲಿ ಬರುತ್ತೆ, ಯಾಕೆ?

ನನಗೂ ಹೀಗೇ ಆಗಿತ್ತು. ತೀರ್ಥಹಳ್ಳಿಯ ಮನೆ, ಜೋರು ಮಳೆ. ಅಡಿಕೆ ಲೆಕ್ಕದ ಫೈಲನ್ನು 'ಸಿಪಿ' ಕಮಾಂಡ್ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿದೆ. ತಕ್ಷಣ ಪ್ರಾಂಪ್ಟ್ (ಮುಂದಿನ ಕಮಾಂಡ್‌ಗೆ ಕಾಯುವ ಗುರುತು) ವಾಪಸ್ ಬಂತು. ಮುಗೀತು ಅಂತ ಡ್ರೈವ್ ಕಿತ್ತುಕೊಂಡು ಶಿವಮೊಗ್ಗದ ಬಸ್ ಹತ್ತಿದೆ. ಅಲ್ಲಿ ಪ್ರಿಂಟ್ ತೆಗೆಸೋಕೆ ಹೋದರೆ ಫೈಲಿನ ಹೆಸರಿದೆ, ಗಾತ್ರ ಸೊನ್ನೆ!

ಸಿಪಿ ಮುಗಿದಾಗಲೂ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರಬಹುದು. ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು ಭಾಗ, ಅದನ್ನು ಆಮೇಲೆ ಡ್ರೈವ್‌ಗೆ ಬರೆಯುತ್ತೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿಯೇ ತಡವಾಗಬಹುದು. ಹಾಗಾಗಿ ಕೀಳುವ ಮೊದಲು ಡ್ರೈವನ್ನು ಸಿಸ್ಟಮ್‌ನಿಂದ ಬಿಡಿಸುವ 'ಯುಮೌಂಟ್' ಕಮಾಂಡ್ ಕೊಡಲೇಬೇಕು. ಟೈಪ್ ಮಾಡುವಾಗ ಗಮನಿಸಿ, ಈ ಹೆಸರಲ್ಲಿ ಯು ಆದ ಮೇಲೆ ಎನ್ ಅಕ್ಷರ ಇಲ್ಲ. ಬಾಕಿ ಇದ್ದದ್ದನ್ನೆಲ್ಲ ಬರೆದ ಮೇಲೇ ಪ್ರಾಂಪ್ಟ್ ಬರುತ್ತೆ. ದೊಡ್ಡ ಫೈಲಾದರೆ ಸ್ವಲ್ಪ ಹೊತ್ತು ಸುಮ್ನೆ ಕಾಯಿರಿ.

'ಟಾರ್ಗೆಟ್ ಈಸ್ ಬಿಸಿ' (ಡ್ರೈವ್ ಇನ್ನೂ ಬಳಕೆಯಲ್ಲಿದೆ) ಅಂತ ಬಂದರೆ ಹೆಚ್ಚಿನ ಸಲ ನಿಮ್ಮ ಟರ್ಮಿನಲ್ಲೇ ಪೆನ್‌ಡ್ರೈವ್‌ನ ಫೋಲ್ಡರ್ ಒಳಗೆ ಕೂತಿರುತ್ತೆ. 'ಸಿಡಿ' ಅಂತಷ್ಟೇ ಕೊಟ್ಟರೆ ಹೋಮ್ ಫೋಲ್ಡರ್‌ಗೆ ಬರುತ್ತೀರಿ, ಆಮೇಲೆ ಯುಮೌಂಟ್ ಆಗುತ್ತೆ. ಆಗಲೂ ಆಗದಿದ್ದರೆ ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಅಂತ 'ಎಲ್‌ಎಸ್‌ಒಎಫ್' ತೋರಿಸುತ್ತೆ.

ಮಲೆನಾಡಲ್ಲಿ ಮಳೆಗಾಲದ ಕರೆಂಟ್ ನಂಬೋ ಹಾಗಿಲ್ಲ ಅಲ್ವಾ? ಮುಖ್ಯವಾದ ಫೈಲ್ ಕಾಪಿ ಆದ ಕೂಡಲೇ 'ಸಿಂಕ್' ಅಂತ ಒಂದು ಕಮಾಂಡ್ ಕೊಟ್ಟುಬಿಡಿ, ಬಾಕಿ ಇರೋದನ್ನ ಅದು ಆಗಲೇ ಡ್ರೈವ್‌ಗೆ ಬರೆಸುತ್ತೆ.