ಗೋಡೆಯಿಂದ ಮುಂದೆ ಕರೆಯಿರಿ

50 ಎಂಎಂ ಲೆನ್ಸಿನಲ್ಲಿ ಎಫ್ 1.8 ಇಟ್ಟರೂ (ಅಂದರೆ ಹಿನ್ನೆಲೆ ಮಸುಕಾಗಲಿ ಅಂತ ಲೆನ್ಸಿನ ಕಿಂಡಿಯನ್ನು ಅಗಲವಾಗಿ ತೆರೆದರೂ) ನಿಮ್ಮ ಅಕ್ಕನ ಫೋಟೋ ಚಪ್ಪಟೆಯಾಗಿ ಬರುತ್ತಿದೆ ಅಂತ ಕೇಳಿದ್ದೀರಿ. ಲೆನ್ಸಿನದೇನೂ ತಪ್ಪಿಲ್ಲ. ಅವರು ಗೋಡೆಗೆ ಒರಗಿ ನಿಂತಿದ್ದಾರೆ, ಹಿನ್ನೆಲೆ ಮಸುಕಾಗಲು ಜಾಗವೇ ಇಲ್ಲ ಅಲ್ವಾ? ಎಂಟು-ಹತ್ತು ಅಡಿ ಮುಂದೆ ಕರೆಯಿರಿ. ನೀವು ಅವರಿಂದ ಐದಾರು ಅಡಿ ದೂರದಲ್ಲೇ ಇರಿ, ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುತ್ತದೆ.

ಆದರೆ ಸುಮ್ನೆ ಹಿನ್ನೆಲೆ ಮಸುಕು ಮಾಡಿದರೆ ಸಾಲದು. ಮುಖಕ್ಕೆ ಉಬ್ಬುತಗ್ಗು ಕೊಡುವುದು ನೆರಳು. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಅದನ್ನೇ ಅಳಿಸಿಬಿಡುತ್ತದೆ, ಆಫ್ ಮಾಡಿ. ಕಿಟಕಿ ಒಂದು ಪಕ್ಕಕ್ಕೆ ಬರುವಂತೆ ಕೂರಿಸಿ, ಮುಖವನ್ನು ಸ್ವಲ್ಪ ಬೆಳಕಿನ ಕಡೆ ತಿರುಗಿಸಲು ಹೇಳಿ. ನೆರಳಿರುವ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ ಬೆಳಕಿನ ಸಣ್ಣ ತ್ರಿಕೋನ ಕಂಡ ಕೂಡಲೇ ಕ್ಲಿಕ್ಕಿಸಿ. ರೆಂಬ್ರಾಂಟ್ ಲೈಟಿಂಗ್ ಅನ್ನುವುದು ಇದನ್ನೇ. ಕಪ್ಪು ಕೂದಲು ಕತ್ತಲ ಹಿನ್ನೆಲೆಯಲ್ಲಿ ಬೆರೆತುಹೋದರೆ ಹಿಂದಿನಿಂದ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಿ.