‘ಒಳ್ಳೆ ಏರಿಯಾ’ ಮನೆ, ಭಾನುವಾರದ ಕಿಟಕಿ: ಒಂದು ಆಪ್ತಸಲಹೆ ಪ್ರಕರಣ

ಈ ಸಂಸಾರದವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಹತ್ತೋ ಅಂಥ ವಿಷಯಗಳನ್ನ ಬದಲಾಯಿಸಿದ್ದೀನಿ, ಹೆಸರು ಬೇಕಂತಲೇ ಹಾಕಿಲ್ಲ. ಗಂಡ ಹೆಂಡತಿ ಇಬ್ಬರಿಗೂ 40ರ ಆಸುಪಾಸು, 10 ವರ್ಷದ ಮಗಳು, 4 ವರ್ಷದ ಮಗ, ಜೊತೆಗೆ ಗಂಡನ ತಾಯಿ. ಆತ ಮದ್ದೂರು ಕಡೆಯವನು, ಆಕೆ ಸಾಗರದ ಕಡೆಯವಳು, ಪ್ರೀತಿಸಿ ಮದುವೆ ಆದವರು, ಜಾತಿ ಬೇರೆ ಬೇರೆ. ಬೆಂಗಳೂರಿನ ಬಸವನಗುಡಿಗೆ ಅಂಟ್ಕೊಂಡಿರೋ ಒಂದು ಬಡಾವಣೇಲಿ 6 ವರ್ಷದಿಂದ ಬಾಡಿಗೆಗೆ ಇದ್ರು. ಆತನ ಆಫೀಸು ಕುಂದಲಹಳ್ಳಿ ಹತ್ರ, ವಾರಕ್ಕೆ 3 ದಿನ ಹೋಗ್ಲೇಬೇಕು, ಆಕೆ ಚಾಮರಾಜಪೇಟೆ ಕಡೆ ಹೈಸ್ಕೂಲ್ ಟೀಚರ್.

ಜಗಳ ಏನಪ್ಪಾ ಅಂದ್ರೆ, ಆತ ಒಬ್ಬನೇ ಹೋಗಿ ಸರ್ಜಾಪುರ ರಸ್ತೆ ಕಡೆ ಕಟ್ತಾ ಇರೋ ಒಂದು ದೊಡ್ಡ ಅಪಾರ್ಟ್‌ಮೆಂಟಲ್ಲಿ 14ನೇ ಮಹಡಿ 3 ಬಿಎಚ್‌ಕೆಗೆ 2 ಲಕ್ಷ ಟೋಕನ್ ಕೊಟ್ಟು ಬಂದಿದ್ದ, ಮನೇಲಿ ಹೇಳಿದ್ದು ಮಾರನೇ ದಿನ. ಆಕೆ 11 ದಿನ ಮಾತು ಬಿಟ್ಟಿದ್ಲು. ಹನ್ನೆರಡನೇ ದಿನ ನನ್ನ ಹತ್ರ ಬಂದ್ರು.

ಮೊದಲ ಸಿಟ್ಟಿಂಗ್‌ನಲ್ಲಿ ಇಬ್ಬರ ಬಾಯಲ್ಲೂ ಒಂದೇ ಪದ, ಸಂಸ್ಕಾರ. ಆಕೆ ಹೇಳಿದ್ದು, ಮಕ್ಕಳು ಕಡ್ಲೆಕಾಯಿ ಪರಿಷೆ ನೋಡ್ಕೊಂಡು, ವಾಡಿಯಾ ರಸ್ತೆ ಲೈಬ್ರರಿಗೆ ನಡ್ಕೊಂಡು ಹೋಗ್ಕೊಂಡು, ಸುತ್ತ ಕನ್ನಡ ಕೇಳಿಸ್ಕೊಂಡು ಬೆಳೀಬೇಕು, ಅಲ್ಲಿ ಗೇಟಿನ ಒಳಗೆ ಏನಿದೆ, ಸ್ವಿಮ್ಮಿಂಗ್ ಪೂಲಲ್ಲಿ ಸಂಸ್ಕಾರ ಬರುತ್ತಾ ಅಂತ. ಆತ ಹೇಳಿದ್ದು, ನಿನ್ನ ಏರಿಯಾದ ಸಂಸ್ಕಾರ ನಾನು 6 ವರ್ಷ ನೋಡಿದ್ದೀನಿ, ಸಾಕು, ಮಕ್ಕಳಿಗೆ ಓಡಾಡೋಕೆ ಜಾಗ ಬೇಕು, ಸೇಫ್ಟಿ ಬೇಕು ಅಂತ. ‘ನಿನ್ನ ಏರಿಯಾ’ ಅಂದಿದ್ದನ್ನ ನಾನು ನೋಟ್ ಮಾಡ್ಕೊಂಡೆ, ಆಗ ಅದರ ಅರ್ಥ ಪೂರ್ತಿ ಹೊಳೀಲಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನಾನು ಮಲ್ಲೇಶ್ವರದಲ್ಲಿ ಬೆಳೆದೋಳು, ಹಳೇ ಬಡಾವಣೆ ಅಂದ್ರೆ ಕಣ್ಣು ಮುಚ್ಚಿ ಒಳ್ಳೇದು ಅನ್ನೋ ಜಾತಿ, ಅವತ್ತು ಮನಸ್ಸಲ್ಲೇ ಆಕೆ ಕಡೆ ಸೇರ್ಕೊಂಡಿದ್ದೆ. ಸಲಹೆ ಕೊಡೋ ಕುರ್ಚಿಯಲ್ಲಿ ಕೂತೋರಿಗೆ ಇದು ಅಪಾಯ.

ಮನೆ ವಿಷಯಕ್ಕೆ ಬರೋ ಎಲ್ಲರಿಗೂ ನಾನೊಂದು ಹೋಂವರ್ಕ್ ಕೊಡ್ತೀನಿ. ನಿಮ್ಮ ಮೌಲ್ಯ ಏನು ಅಂತ ಕೇಳಲ್ಲ, ಕೇಳಿದ್ರೆ ಎಲ್ಲರೂ ಒಂದೇ ಪ್ರಬಂಧ ಬರೀತಾರೆ. ಹೋದ ಮಂಗಳವಾರ ಬೆಳಗ್ಗೆ ಎದ್ದಾಗಿಂದ ಮಲಗೋ ತನಕ ಯಾರ್ಯಾರು ಎಲ್ಲಿದ್ರಿ, ಏನು ಮಾಡಿದ್ರಿ, ಯಾರ ಜೊತೆ ಮಾತಾಡಿದ್ರಿ, ಬರ್ಕೊಂಡು ಬನ್ನಿ ಅಂತೀನಿ. ಯಾಕೆ ಮಂಗಳವಾರ ಅಂದ್ರೆ ಎಲ್ಲರೂ ಮನೆ ನೋಡೋಕೆ ಹೋಗೋದು ಭಾನುವಾರ, ರೋಡು ಖಾಲಿ, ಮಾಡೆಲ್ ಫ್ಲಾಟಲ್ಲಿ ಎಸಿ, ಕೈಗೆ ಜ್ಯೂಸು, ಆ ಲೆಕ್ಕದಲ್ಲಿ 20 ವರ್ಷದ ಇಎಂಐಗೆ ಸೈನ್ ಹಾಕಿಬಿಡ್ತಾರೆ.

ಮುಂದಿನ ಸಲ ಹೋಂವರ್ಕ್ ಬರೆದ ಪುಸ್ತಕ ಬಂತು. ಆತ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸ್ಕೊಂಡು ಕುಂದಲಹಳ್ಳಿಗೆ, ಮನೆಯಿಂದ ಸ್ಟೇಷನ್ನಿಗೆ ಆಟೋ ಎಲ್ಲ ಸೇರಿ ಹೋಗಿ ಬರೋಕೆ ಹೆಚ್ಚು ಕಮ್ಮಿ 3 ಗಂಟೆ, ಮಗ ಎದ್ದಿರೋವಾಗ ನೋಡಿದ್ದು ಬರೀ 25 ನಿಮಿಷ. ಹೊಸ ಫ್ಲಾಟಿಂದ ಆಫೀಸು ಪಕ್ಕದಲ್ಲೇ ಅಂತ ಅಂದ್ಕೊಂಡಿದ್ದ, ನಾನು ಹೇಳಿದ ಮೇಲೆ ಒಂದಿನ ಬೆಳಗ್ಗೆ 9ಕ್ಕೆ ಬೈಕಲ್ಲಿ ಟ್ರಯಲ್ ಮಾಡಿದ್ರೆ 55 ನಿಮಿಷ ಹಿಡೀತಂತೆ. ಆಕೆಗೆ ಅಲ್ಲಿಂದ ಚಾಮರಾಜಪೇಟೆ ಅಂದ್ರೆ ಕೆಲಸ ಬಿಟ್ಟ ಹಾಗೇನೇ, ಅದನ್ನ ಆತ ಬಾಯಿ ಬಿಟ್ಟು ಹೇಳಿರ್ಲಿಲ್ಲ, ಆದ್ರೆ ಲೆಕ್ಕದಲ್ಲಿ ಸೇರಿಸ್ಕೊಂಡಿದ್ದ.

ಆಕೆ ಪುಸ್ತಕದಲ್ಲೂ ತೂತಿತ್ತು. ಲೈಬ್ರರಿಗೆ ಕೊನೇಗೆ ಹೋಗಿದ್ದು ಯಾವಾಗ ಅಂದ್ರೆ 8 ತಿಂಗಳ ಹಿಂದೆ. ಪರಿಷೆ ಅಂತೂ ಕಾರ್ತಿಕದ ಕೊನೇ ಸೋಮವಾರ, ವರ್ಷಕ್ಕೊಂದು ಸಲ, ಅದಕ್ಕೆ ಎಲ್ಲಿಂದ ಬೇಕಾದ್ರೂ ಬರ್ಬಹುದು. ಇದನ್ನ ಹೇಳಿದಾಗ ಆಕೆಗೆ ಸ್ವಲ್ಪ ಬೇಜಾರಾಯ್ತು, ಆಗ್ಲಿ ಅಂತ ಬಿಟ್ಟೆ.

ಅಜ್ಜಿದು ಮಾತ್ರ ಭರ್ಜರಿ ಮಂಗಳವಾರ. ಮೊಮ್ಮಗಳ ಕೈಲಿ ಬರೆಸಿದ್ರು. ಹೂವಿನವಳು, ಸೊಪ್ಪಿನವನು, ಪಾರ್ಕ್ ಕಲ್ಲುಬೆಂಚಿನ ಇಬ್ಬರು ಹೆಂಗಸರು, ಔಷಧಿ ಅಂಗಡಿ ಹುಡುಗ, ದೇವಸ್ಥಾನದ ಹತ್ರ ಚಪ್ಪಲಿ ಕಾಯೋನು, ಒಟ್ಟು 9 ಜನರ ಹತ್ರ ಮಾತಾಡಿದ್ದಾರೆ, ಎಲ್ಲಾ ಕಡೆ ಕಾಲ್ನಡಿಗೆ. ಈ ಮನೇಲಿ ಯಾರಿಗಾದ್ರೂ ಏರಿಯಾ ಅಂತ ಒಂದು ಇದ್ರೆ ಅದು ಈಯಮ್ಮನಿಗೆ ಅನ್ನಿಸ್ತು.

ಆಮೇಲೆ ಮಗಳದ್ದು. ನಾನು ಕೇಳಿದ್ದು ಮಂಗಳವಾರದ್ದು, ಮಗು ಉತ್ಸಾಹಕ್ಕೆ ಭಾನುವಾರದ್ದೂ ಬರೆದಿತ್ತು, ಅದರಲ್ಲಿ ಹೀಗಿತ್ತು: “ಬೆಳಿಗ್ಗೆ 11. ಅಜ್ಜಿ ಸಾರು ಮಾಡುವಾಗ ಕಿಟಕಿ ಮುಚ್ಚುವುದು ನನ್ನ ಕೆಲಸ. ಕೆಳಗಡೆ ಆಂಟಿ ಕೇಳಿದರೆ ಹುರುಳಿಕಾಳು ಸಾರು ಎಂದು ಹೇಳುವುದು.”

ಓದಿ ರೂಮಲ್ಲಿ ಯಾರೂ ಮಾತಾಡ್ಲಿಲ್ಲ.

ವಿಷಯ ಇಷ್ಟು. ಆ ಮನೆ ಸಿಗೋಕೆ ಮುಂಚೆ ಆತ 6 ಮನೆ ನೋಡಿದ್ದ, ಆರರಲ್ಲೂ ‘ನೀವು ಏನು ಜನ?’ ಅನ್ನೋ ಪ್ರಶ್ನೆ, ಆಮೇಲೆ ‘ತಿಳಿಸ್ತೀವಿ’ ಅನ್ನೋ ಉತ್ತರ. ಏಳನೇದಕ್ಕೆ ಆಕೆ ಫೋನ್ ಮಾಡಿದ್ಲು, ಆಕೆ ಮಾತಿನ ಧಾಟಿ ಕೇಳಿ ಓನರ್ ಮುಂದೆ ಏನೂ ಕೇಳ್ಲಿಲ್ಲ, ಆಕೆನೂ ಹೇಳ್ಲಿಲ್ಲ. ‘ವೆಜ್ ಫ್ಯಾಮಿಲಿಗೆ ಮಾತ್ರ’ ಅಂತ ಬೋರ್ಡಿತ್ತು. 11 ತಿಂಗಳ ಅಗ್ರಿಮೆಂಟು ಐದಾರು ಸಲ ರಿನ್ಯೂ ಆಯ್ತು, ಅಷ್ಟೂ ವರ್ಷ ಭಾನುವಾರ ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿ, ಮೂಳೆಗಳನ್ನ ಎರಡು ಕವರಲ್ಲಿ ಕಟ್ಟಿ ಸ್ಕೂಟರ್ ಡಿಕ್ಕೀಲಿ ಇಟ್ಕೊಂಡು ಹೋಗಿ ಮಟನ್ ಅಂಗಡಿ ಬೀದೀಲಿ ಹಾಕಿ ಬರೋದು ಆತನ ಕೆಲಸ. 1898ರ ಪ್ಲೇಗ್ ಕಾಲದಲ್ಲಿ ಜನಕ್ಕೆ ಗಾಳಿ ಬೆಳಕು ಸಿಗ್ಲಿ ಅಂತ ಬೆಳೆಸಿದ ಬಸವನಗುಡಿ ಪಕ್ಕದಲ್ಲಿ ಈ ಕತೆ.

“ತಿಂಗಳಿಗೆ 28 ಸಾವಿರ ಬಾಡಿಗೆ ಕೊಟ್ಟು ಕಳ್ಳನ ಥರ ಹೋಗ್ಬೇಕು ಮೇಡಂ” ಅಂದ. ಆಕೆ “ನೀನು ಒಂದಿನಾನೂ ಹೇಳ್ಲೇ ಇಲ್ವಲ್ಲೋ” ಅಂದ್ಲು. “ಹೇಳೋದೇನು, ಕಿಟಕಿ ನೀನೂ ಮುಚ್ತಿದ್ಯಲ್ಲ” ಅಂದ. ಆಕೆ ಅವತ್ತು ಅತ್ತಿದ್ದು ಫ್ಲಾಟಿಗೋಸ್ಕರ ಅಲ್ಲ.

ಇಲ್ಲಿಂದ ಕೇಸು ಬೇರೆ ಆಯ್ತು. ‘ನಮ್ಮಂಥೋರು ಇರೋ ಜಾಗ’ ಅಂತ ಆಕೆ ಹೇಳಿದಾಗ ಅದರಲ್ಲಿ ಪುಸ್ತಕ, ಕನ್ನಡ, ನಡಿಗೆ ಎಲ್ಲಾ ನಿಜವಾಗ್ಲೂ ಇತ್ತು, ಆದ್ರೆ ಆ ‘ನಮ್ಮ’ ಒಳಗೆ ಗಂಡ ಇರ್ಲಿಲ್ಲ, ಅದು ಆಕೆಗೇ ಗೊತ್ತಿರ್ಲಿಲ್ಲ. ಆತ ಹುಡುಕ್ತಿದ್ದಿದ್ದು ಕ್ಲಬ್‌ಹೌಸ್ ಅಲ್ಲ, ಯಾರೂ ಏನು ಜನ ಅಂತ ಕೇಳದೇ ಇರೋ ಒಂದು ಬಾಗಿಲು. ನಾನು ಮಗಳ ಪುಸ್ತಕ ತೋರಿಸಿ ಒಂದೇ ಮಾತು ಕೇಳ್ದೆ, ಸಂಸ್ಕಾರದ ಲೆಕ್ಕಕ್ಕೆ ಬಂದ್ರೆ ಈ ಮನೇಲಿ ಮಗು ಪ್ರತಿ ವಾರ ಕಲೀತಿರೋದು ಏನು ಅಂತ. ಸುಳ್ಳು ಹೇಳೋದು, ಅದೂ ಅಪ್ಪನ ಮನೆ ಊಟ ನಾಚಿಕೆ ಪಡೋ ವಿಷಯ ಅಂತ. ಇಬ್ಬರೂ ತಲೆ ತಗ್ಗಿಸಿದ್ರು.

ಹಂಗಾದ್ರೆ ಫ್ಲಾಟೇ ಸರಿ ಅಂತ ಆಕೆ ಮೆತ್ತಗಾಗಿದ್ಲು, ಅಪರಾಧಿ ಭಾವಕ್ಕೆ ಮನೆ ತಗೊಳೋದು ಇನ್ನೂ ಕೆಟ್ಟದ್ದು. ಮೂರನೇ ಸಿಟ್ಟಿಂಗ್‌ಗೆ ಅಜ್ಜೀನ ಕರ್ಕೊಂಡು ಬನ್ನಿ ಅಂದೆ. ಈಯಮ್ಮ ಬಂದು ಕೂತು ಸುಮಾರು ಹೊತ್ತು ಮಗನ ಕಷ್ಟ, ಮೊಮ್ಮಗನ ಕೆಮ್ಮು ಎಲ್ಲಾ ಹೇಳಿ, ಕೊನೇಗೆ, ಆ ಫ್ಲಾಟಿನೋರು ಪಕ್ಕದಲ್ಲೇ ಕಟ್ಟಿ ಮುಗಿಸಿರೋ ಬಿಲ್ಡಿಂಗ್ ತೋರ್ಸೋಕೆ ಕರ್ಕೊಂಡೋಗಿದ್ರಲ್ಲ, ಅವತ್ತು ಗಾಡಿ ನಿಲ್ಸೋಕೆ ಮಗ ಹೋದಾಗ ನಾನು ಲಿಫ್ಟ್ ತಾವ ನಿಂತಿದ್ದೆ, ವಾಚ್‌ಮನ್ನು ‘ಆ ಕಡೆ ಲಿಫ್ಟು, ಈ ಕಡೆ ಅಲ್ಲ’ ಅಂತ ಕೈ ತೋರ್ಸ್ದ ಅಂದ್ರು. “ಅದು ಕೆಲಸದವ್ರ ಲಿಫ್ಟು ಅಂತ ಆಮೇಲೆ ತಿಳೀತು ಕನವ್ವ. ಇಲ್ಲಿ ಏನ್ ಜನ ಅಂತ ಬಾಯಲ್ಲಿ ಕೇಳ್ತಾರೆ, ಅಲ್ಲಿ ಕೇಳ್ನಿಲ್ಲ, ಸೀರೆ ನೋಡಿ ತಿಳ್ಕೊಂಡ.” ಮಗ ಖುಷಿಯಾಗಿದ್ದನಲ್ಲ ಅಂತ ಅಜ್ಜಿ ಇದನ್ನ ಮನೇಲಿ ಹೇಳಿರ್ಲಿಲ್ಲ. ವಾಚ್‌ಮನ್ ಮೇಲೆ ಅವ್ರಿಗೆ ಸಿಟ್ಟಿಲ್ಲ, ಪಾಪ ಅವನೂ ಎಲ್ಲೋ ಊರು ಬಿಟ್ಟು ಬಂದೋನು ಅಂದ್ರು. ನನಗೆ ಮಾತ್ರ ಆ ಎರಡು ಲಿಫ್ಟು ಇನ್ನೂ ತಲೇಲಿ ಓಡಾಡ್ತಿದೆ.

ಇನ್ನು ನಾನು ಕೊಟ್ಟ ಸಲಹೆ. ಆರು ತಿಂಗಳು ಏನೂ ಕೊಳ್ಳಬೇಡಿ ಅನ್ನೋದು ಮೊದಲನೇದು. ಟೋಕನ್ ವಿಷಯಕ್ಕೆ ನಾನು ಲಾಯರ್ ಅಲ್ಲ, ಒಬ್ಬ ವಕೀಲರ ಹತ್ರ ಕಳಿಸ್ದೆ, ಆದ್ರೂ ಎಲ್ಲರಿಗೂ ಹೇಳೋ ಒಂದು ಮಾತು ಹೇಳಿದ್ದೆ, ಮನೆ ಕೊಳ್ಳೋರ ರಕ್ಷಣೆಗೆ ಇರೋ ರೇರಾ ಕಾಯ್ದೆ ಪ್ರಕಾರ ಅಗ್ರಿಮೆಂಟ್ ರಿಜಿಸ್ಟರ್ ಮಾಡ್ಕೊಡದೇ ಬಿಲ್ಡರ್ ಶೇಕಡ 10ಕ್ಕಿಂತ ಜಾಸ್ತಿ ದುಡ್ಡು ತಗೊಳೋ ಹಾಗಿಲ್ಲ, ಮುಂದಿನ ಕಂತು ಕೇಳಿದ್ರೆ ಅದನ್ನ ನೆನಪಿಸಿ ಅಂತ. ಆತನಿಗೆ ಇನ್ನೂ ಫ್ಲಾಟಿನ ಆಸೆ ಇದ್ದಿದ್ರಿಂದ ನೀರು ಎಲ್ಲಿಂದ ಬರುತ್ತೆ ಕೇಳ್ಕೊಂಡು ಬನ್ನಿ ಅಂದೆ. 2024ರ ಮಾರ್ಚಲ್ಲಿ ಬೋರ್‌ವೆಲ್ ಬತ್ತಿ ಊರ ತುಂಬಾ ಟ್ಯಾಂಕರ್ ಓಡಾಡಿದ್ದು ಯಾರು ಮರೀತಾರೆ, ಆ ಅಕ್ಟೋಬರಲ್ಲಿ ಕಾವೇರಿ ನೀರಿನ 5ನೇ ಹಂತ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗೆ ಅಂತ ಶುರುವಾಯ್ತು ನಿಜ, ಆದ್ರೆ ನಿಮ್ಮ ಬಿಲ್ಡಿಂಗ್ ಸಂಪಿಗೆ ಬಂದಿದ್ಯಾ ಅನ್ನೋದೇ ಪ್ರಶ್ನೆ. ಸೇಲ್ಸ್ ಹುಡುಗ ‘ಬರುತ್ತೆ ಸರ್’ ಅಂದನಂತೆ. ಮೆಟ್ರೋ ಕೂಡ ‘ಬರುತ್ತೆ ಸರ್’. ‘ಬರುತ್ತೆ’ಗೆ ಇಎಂಐ ಇವತ್ತಿಂದಾನೇ ಕಟ್ಬೇಕು.

ಎರಡನೇದು, ಈ ಮನೇನೂ ಬಿಡಿ. ಓನರ್ ಹತ್ರ ಹೋಗಿ ತಪ್ಪೊಪ್ಕೊಂಡು ಇಲ್ಲೇ ಇರ್ತೀವಿ ಅಂತ ಆಕೆ ಒಂದು ಪ್ಲಾನ್ ಹಾಕಿದ್ಲು, ಬೇಡ ಅಂದೆ, ಮಕ್ಕಳು ಮೆಟ್ಟಿಲಲ್ಲಿ ಅವ್ರ ಮುಖ ದಿನಾ ನೋಡ್ಬೇಕು. ಎಲ್ಲರೂ ಒಂದೊಂದು ಮಾತ್ರ ಬಿಡೋಕಾಗ್ದೇ ಇರೋದು ಹೇಳಿ, ಅದು ಕೆಲಸದ ರೂಪದಲ್ಲಿರ್ಲಿ, ಪದದ ರೂಪದಲ್ಲಿ ಬೇಡ ಅಂದೆ. ಅಜ್ಜಿ: ಯಾರನ್ನೂ ಕೇಳದೆ ಹೊರಗೆ ಹೋಗಿ ಬರೋದು. ಆಕೆ: ಇದೇ ಸ್ಕೂಲಲ್ಲಿ ಪಾಠ ಮಾಡೋದು. ಆತ: ಕಿಟಕಿ ತೆಗೆದು ಉಣ್ಣೋದು. ಮಗಳು ಸೈಕಲ್ ಅಂದ್ಲು. ಬಸವನಗುಡಿ, ಸರ್ಜಾಪುರ ಅಂತ ಯಾರೂ ಹೇಳ್ಲಿಲ್ಲ.

ನಾನು ಏರಿಯಾ ಹೆಸರು ಹೇಳಲ್ಲ, ಅವರೇ ಮ್ಯಾಪ್ ಹರಡ್ಕೊಂಡು ಕೂತ್ರು. ನೇರಳೆ ಲೈನ್ ಮೇಲೆ ಇದ್ರೆ ಆತ ಮೆಟ್ರೋ ಬದಲಾಯಿಸ್ಬೇಕಾಗಿಲ್ಲ, ಪಶ್ಚಿಮದ ಕಡೆ ಇದ್ರೆ ಆಕೆಗೆ ಚಾಮರಾಜಪೇಟೆ ಬಸ್ಸಲ್ಲಿ ಹತ್ರ, ಹಂಗೆ ಸುತ್ತಿ ಸುತ್ತಿ ವಿಜಯನಗರ, ಅತ್ತಿಗುಪ್ಪೆ ಸುತ್ತಮುತ್ತ ಬಂದು ನಿಂತ್ರು. 2025ರ ಫೆಬ್ರವರೀಲಿ ಮೆಟ್ರೋ ದರ ಏರಿಸಿದ್ದು ಆತನಿಗೆ ಗೊಣಗೋಕೆ ಒಂದು ಕಾರಣ ಆಯ್ತು, ಆದ್ರೂ ಕೂತ್ಕೊಂಡ್ರೆ ಸುಮಾರು ಒಂದು ಗಂಟೇಲಿ ಕುಂದಲಹಳ್ಳಿ. ಮಂಡ್ಯ ಕಡೆ ಜನ ಸುಮಾರು ಇದ್ದಾರೆ, ಮುದ್ದೆ ಊಟದ ಹೋಟೆಲ್ ಇದೆ, ಹಂಪಿನಗರದಲ್ಲಿ ಲೈಬ್ರರಿ ಇದೆ ಅಂತ ಆಕೆನೇ ಹುಡುಕಿದ್ಲು. ಅಲ್ಲೂ ಜಾತಿ ಕೇಳೋರು ಇಲ್ಲ ಅಂತ ನಾನು ಹೇಳಲ್ಲ, ಬೆಂಗಳೂರಲ್ಲಿ ಎಲ್ಲಿದ್ದಾರೆ ಇಲ್ಲದೇ ಇರೋದು.

ಅದಕ್ಕೇ ನಾನು ಇಟ್ಟ ಷರತ್ತು ಒಂದೇ, ಫೋನ್ ಆಕೆನೇ ಮಾಡ್ಬೇಕು, ಮಾಂಸ ತಿನ್ನೋ ವಿಷಯ ಮೊದಲನೇ ನಿಮಿಷದಲ್ಲೇ ಹೇಳ್ಬೇಕು, ‘ನಾವು’ ಅಂತಲೇ ಹೇಳ್ಬೇಕು. ಆಕೆ ಮಾಂಸ ಮುಟ್ಟಲ್ಲ, ‘ನಮ್ಮ ಯಜಮಾನ್ರು ತಿಂತಾರೆ’ ಅಂತ ಅಭ್ಯಾಸ ಬಲದಿಂದ ಬಾಯಿಗೆ ಬರ್ತಿತ್ತು. ನನ್ನ ರೂಮಲ್ಲೇ ಎರಡು ಸಲ ಪ್ರಾಕ್ಟೀಸ್ ಮಾಡಿಸ್ದೆ, ಆತ ಪಕ್ಕದಲ್ಲಿ ಕೂತು ನಕ್ಕಿದ್ದು ಅವತ್ತೇ ಮೊದಲು. ನಾಲ್ಕು ಮನೆಯವರು ‘ತಿಳಿಸ್ತೀವಿ’ ಅಂದ್ರು. ಐದನೇ ಓನರಮ್ಮ, ಒಬ್ಬರು ರಿಟೈರ್ಡ್ ನರ್ಸು, “ತಿನ್ನಿ ಬಿಡಿ, ಐದನೇ ತಾರೀಕೊಳಗೆ ಬಾಡಿಗೆ ಬರ್ಬೇಕು, ಟೆರೇಸಲ್ಲಿ ಮೀನು ತೊಳಿಯಂಗಿಲ್ಲ” ಅಂದ್ರಂತೆ.

5 ತಿಂಗಳ ಅಡ್ವಾನ್ಸು, 11 ತಿಂಗಳ ಅಗ್ರಿಮೆಂಟು. ಟೋಕನ್‌ನಲ್ಲಿ 25 ಸಾವಿರ ಮುರ್ಕೊಂಡು ಮಿಕ್ಕಿದ್ದು ವಾಪಸ್ ಬಂತು. ಮನೆ ಹಳೇದು, ಎರಡನೇ ಫ್ಲೋರಿಗೆ ನೀರು ಸರಿಯಾಗಿ ಹತ್ತಲ್ಲ, ಮಗಳ ಸೈಕಲ್ಲಿಗೆ ಜಾಗ ಸಾಲ್ದು, ಮೆಟ್ಟಿಲು ಹತ್ತಿ ಇಳಿದು ಅಜ್ಜಿ ಮಂಡಿ ನೋವು ಜಾಸ್ತಿ ಆಗಿದೆ, ಹೂವಿನವಳಂಥ ಗೆಳತಿ ಇನ್ನೂ ಸಿಕ್ಕಿಲ್ಲವಂತೆ. ಆತ ರಾತ್ರಿ ಮಲಗೋ ಮುಂಚೆ ಮೊಬೈಲಲ್ಲಿ ಫ್ಲಾಟ್ ನೋಡೋದು ಬಿಟ್ಟಿಲ್ಲ. ಈಗ ನೋಡಿದ್ದನ್ನ ಹೆಂಡತಿಗೂ ತೋರಿಸ್ತಾನೆ, ಆಕೆ “ಲಿಫ್ಟ್ ಎಷ್ಟಿದೆ ಕೇಳು” ಅಂತಾಳಂತೆ.